ಬಚ್ಚಲಮನೆ ಹೊಸದು ಮಾಡಿಸುವವರಿಗೆ: ಟೈಲ್ಸ್ ಕೂರುವ ಮೊದಲಿನ ಕೆಲಸ

ಬಚ್ಚಲಮನೆಯನ್ನು ಹೊಸದು ಮಾಡಿಸಬೇಕು ಎಂದುಕೊಂಡವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ನನ್ನನ್ನು ಕೇಳಿದರೆ ಅಲ್ಲಿಗೆ ಹೋಗುವ ಅವಸರವೇ ಬೇಡ. ರಾಯಚೂರಿನ ನಮ್ಮ ಓಣಿಯಲ್ಲೇ ಹೊಳೆಯುವ ಟೈಲ್ಸ್ ಹಾಕಿಸಿ ಎರಡು ವರ್ಷ ತುಂಬುವುದರೊಳಗೆ ಪಕ್ಕದ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಉಪ್ಪೆದ್ದು ಸುಣ್ಣ ಉದುರುತ್ತಿರುವ ಮನೆಗಳಿವೆ. ಬಚ್ಚಲು ಕೆಡುವುದು ಟೈಲ್ಸ್‌ನ ಹಿಂದಿನಿಂದ, ನೆಲದ ಅಡಿಯಿಂದ. ಅಲ್ಲಿನ ಕೆಲಸ ಒಮ್ಮೆ ಮುಚ್ಚಿಹೋದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹಣವನ್ನೂ ಗಮನವನ್ನೂ ಮೊದಲು ಅಲ್ಲಿಗೆ ಕೊಡಿ. ಉಳಿದದ್ದು ಟೈಲ್ಸ್‌ಗೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಕಟ್ಟಡದ ಕೆಲಸ ಕಲಿತವಳಲ್ಲ. ಅತ್ತೆಯವರಿಗೆ ಎಂಬತ್ತು ಸಮೀಪಿಸಿತು. ನಾಲ್ಕಡಿ ಅಗಲ, ಆರಡಿ ಉದ್ದದ ಹಳೆಯ ಬಚ್ಚಲನ್ನು ಅವರ ಕಾಲಿಗೆ, ಕೈಗೆ ಒಗ್ಗುವಂತೆ ಬದಲಿಸಲೇಬೇಕಾಯಿತು. ಗೌಂಡಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರ ಪಕ್ಕದಲ್ಲಿ ನಿಂತು ಕೆಲಸ ಮಾಡಿಸಿದೆ, ಕೆಲವನ್ನು ಸ್ವತಃ ಮಾಡಿದೆ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರು ಎಲ್ಲವನ್ನೂ ತಾವೇ ಮಾಡಬೇಕಿಲ್ಲ. ಆದರೆ ಯಾವುದನ್ನು ನಿಂತು ನೋಡಬೇಕು, ಯಾವುದನ್ನು ಪರೀಕ್ಷಿಸದೆ ಮುಂದಕ್ಕೆ ಬಿಡಬಾರದು ಎಂಬುದು ಗೊತ್ತಿರಲೇಬೇಕು.

ಶುರು ಮಾಡಬೇಕಾದದ್ದು ಅಳತೆಯಿಂದ. ಮಕ್ಕಳ ಗ್ರಾಫ್ ಹಾಳೆ ತೆಗೆದುಕೊಂಡು, ಒಂದು ಅಡಿಗೆ ಎರಡು ಸೆಂಟಿಮೀಟರಿನಂತೆ ಕೋಣೆಯನ್ನು ಬರೆಯಿರಿ. ಕಮೋಡ್, ಬೇಸಿನ್, ಬಕೆಟ್, ಸ್ನಾನದ ಸ್ಟೂಲು ಇವುಗಳನ್ನು ಅದೇ ಪ್ರಮಾಣದಲ್ಲಿ ಕತ್ತರಿಸಿ ಹಾಳೆಯ ಮೇಲೆ ಸರಿಸುತ್ತ ನೋಡಿ. ಅಂಗಡಿಯವರು ತೋರಿಸುವ ಚಿತ್ರಗಳಲ್ಲಿ ಬಕೆಟ್ಟೇ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಸ್ನಾನ ನಡೆಯುವುದು ಬಕೆಟ್ ಮತ್ತು ತಂಬಿಗೆಯಿಂದಲೇ. ನಳದ ನೀರು ದಿನ ಬಿಟ್ಟು ದಿನ ಬರುವ ಓಣಿಯಾದರೆ ಒಂದು ಡ್ರಮ್ಮಿಗೂ ಜಾಗ ಬೇಕು. ವಯಸ್ಸಾದವರಿದ್ದರೆ ಸ್ಟೂಲಿನ ಪಕ್ಕದಲ್ಲಿ ಬೆನ್ನುಜ್ಜಲು ಇನ್ನೊಬ್ಬರು ನಿಲ್ಲುವಷ್ಟು ಜಾಗ ಬೇಕು. ಇಷ್ಟೆಲ್ಲ ಹಾಳೆಯ ಮೇಲೆ ಹಿಡಿಯದಿದ್ದರೆ ಬೇಸಿನ್ನನ್ನು ಹೊರಗೆ ಹಾಕಿಸಿ. ನಾವು ಹಾಗೇ ಮಾಡಿದೆವು. ಬಾಗಿಲು ಹೊರಗಡೆಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ಅಡ್ಡಗಟ್ಟುತ್ತದೆ.

ಕಮೋಡ್ ಕೊಳ್ಳುವ ಮೊದಲು ಇನ್ನೊಂದು ಅಳತೆ ಅತ್ಯಗತ್ಯ. ಮಲದ ಪೈಪು ನೆಲದೊಳಕ್ಕೆ ಹೋಗುತ್ತಿದ್ದರೆ ಅದು ಎಸ್ ಟ್ರ್ಯಾಪ್, ಹಿಂದಿನ ಗೋಡೆಯೊಳಕ್ಕೆ ಹೋಗುತ್ತಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಪೈಪಿನ ನಡುಬಿಂದುವಿನಿಂದ ಗೋಡೆಗೆ ಎಷ್ಟು ದೂರ ಎಂದು ಅಳೆಯಿರಿ. ಆ ದೂರವನ್ನು ಟೈಲ್ಸ್ ಕೂತ ನಂತರದ ಗೋಡೆಯಿಂದ ಲೆಕ್ಕ ಹಿಡಿಯಬೇಕು. ಬರೀ ಇಟ್ಟಿಗೆ ಗೋಡೆಯಿಂದ ಹತ್ತು ಇಂಚು ಇದ್ದು, ಗಿಲಾವು ಮತ್ತು ಟೈಲ್ಸ್ ಸೇರಿ ಒಂದು ಇಂಚು ದಪ್ಪವಾದರೆ ಉಳಿಯುವುದು ಒಂಬತ್ತು. ಆಗ ಒಂಬತ್ತು ಇಂಚಿನ ಕಮೋಡ್ ಎಂದೇ ಕೇಳಿ ತನ್ನಿ.

ಕೂಲಿಯ ಮಾತು ಮೊದಲೇ ಆಗಲಿ, ಚೀಟಿಯ ಮೇಲೆ ಇರಲಿ. ಒಡೆಯುವುದು, ಗಿಲಾವು, ಟೈಲ್ಸ್ ಗುತ್ತಿಗೆಗೆ ಕೊಡಬಹುದು. ನೀರು ತಡೆಯುವ ಲೇಪವನ್ನು ಮಾತ್ರ ಗುತ್ತಿಗೆಯಲ್ಲಿ ಸೇರಿಸಬೇಡಿ. ಅದು ಕಾಯುವ ಕೆಲಸ, ಗುತ್ತಿಗೆ ಹಿಡಿದವರಿಗೆ ಕಾಯುವುದೆಂದರೆ ನಷ್ಟ. ಒಡೆದ ಕಸವನ್ನು ಯಾರು ಸಾಗಿಸಬೇಕು ಎಂಬುದನ್ನೂ ಬರೆದುಕೊಳ್ಳಿ, ಇಲ್ಲವಾದರೆ ಅದು ನಿಮ್ಮ ಬಾಗಿಲ ಮುಂದೆಯೇ ಉಳಿಯುತ್ತದೆ.

ಒಡೆಯುವಾಗ ಅರ್ಧಕ್ಕೆ ನಿಲ್ಲಿಸಬೇಡಿ. ಹಳೆಯ ಪರಸಿಯ (ಹಾಸುಗಲ್ಲಿನ) ಮೇಲೆಯೇ ಹೊಸ ಟೈಲ್ಸ್ ಕೂರಿಸಿಬಿಡೋಣ ಎಂದು ಹೇಳುವವರು ಸಿಗುತ್ತಾರೆ. ಹಾಗೆ ಮಾಡಿದರೆ ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ ಮೇಲೇರುತ್ತದೆ, ನೀರು ಮನೆಯೊಳಕ್ಕೆ ಬರುತ್ತದೆ, ಒಡೆದ ಹಳೆಯ ಪೈಪು ಹಾಗೇ ಉಳಿಯುತ್ತದೆ. ನೆಲಮಹಡಿಯ ಬಚ್ಚಲಾದರೆ ಪರಸಿ ಎಬ್ಬಿಸಿ ಕೆಳಗಿನ ಮಣ್ಣನ್ನು ನೋಡಿ. ನಮ್ಮ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವುದರೊಳಗೆ ಅದರ ಮೇಲಿನ ನೆಲ ಅಲುಗಾಡಿ ಪೈಪಿನ ಜೋಡಣೆ ಬಿಡುತ್ತದೆ. ಆ ಬಿರುಕಿನಿಂದ ಸೋರುವ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ. ನಮ್ಮ ಬಚ್ಚಲಿನಲ್ಲಿ ಪರಸಿ ತೆಗೆದಾಗ ನಳದ ಕೆಳಗಿನ ಮೂಲೆಯ ಮಣ್ಣು ಕೈಯಲ್ಲಿ ಹಿಡಿದು ಉಂಡೆ ಕಟ್ಟುವಂತಿತ್ತು, ಬಾಗಿಲ ಕಡೆಯದು ಹೆಂಟೆಯಾಗಿ ಗಟ್ಟಿಯಾಗಿತ್ತು. ಒಂದೇ ಕೋಣೆಯಲ್ಲಿ ಆರಡಿ ಅಂತರದಲ್ಲಿ ಎರಡು ಬಗೆಯ ಮಣ್ಣು! ಹೀಗಿದ್ದರೆ ಒಂದೂವರೆ ಅಡಿಯಷ್ಟು ಎರೆಮಣ್ಣು ತೆಗೆಸಿ, ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿಸಿ, ಪದರಪದರವಾಗಿ ನೀರು ಹಾಕಿ ದಿಮ್ಮಿಸಿ. ಅದರ ಮೇಲೆ ಮೂರರಿಂದ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ.

ಕಾಂಕ್ರೀಟಿಗೆ ಮೊದಲು ಹೊರಹೋಗುವ ಪೈಪುಗಳು ಕೂರಬೇಕು. ಕಮೋಡಿಗೆ ನಾಲ್ಕು ಇಂಚಿನದು, ಸ್ನಾನದ ನೀರಿಗೆ ಮೂರು ಇಂಚಿನದು. ನಾಲ್ಕಿಂಚಿನ ಪೈಪಿಗೆ ಹತ್ತು ಅಡಿಗೆ ಎರಡು ಇಂಚು, ಮೂರಿಂಚಿನದಕ್ಕೆ ಹತ್ತು ಅಡಿಗೆ ಮೂರು ಇಂಚು ಇಳಿಜಾರು ಇರಲಿ. ನೆಲದ ಜಾಲರಿಯ ಕೆಳಗೆ ಕೂರುವ ನಾನಿ ಟ್ರ್ಯಾಪಿನಲ್ಲಿ ಎರಡು ಇಂಚು ನೀರು ಯಾವಾಗಲೂ ನಿಲ್ಲುವಂತಿರಬೇಕು. ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ಬರೀ ಜಾಲರಿ ಇಟ್ಟು ನೇರ ಪೈಪು ಕೊಟ್ಟರೆ ಒಪ್ಪಿಕೊಳ್ಳಬೇಡಿ. ಟ್ರ್ಯಾಪಿನ ಜಾಗ ಬಾಗಿಲಿನಿಂದ ದೂರದ ಮೂಲೆಯಲ್ಲಿ, ನಳದ ಕಡೆಗೆ ಇರಲಿ.

ನೀರು ತರುವ ಪೈಪಿಗೆ ಸಿಪಿವಿಸಿ ಎಂಬ, ಬಿಸಿನೀರು ತಾಳುವ ಪ್ಲಾಸ್ಟಿಕ್ ಸಾಕು. ಹಳೆಯ ಕಬ್ಬಿಣದ ಪೈಪುಗಳಿದ್ದರೆ ಒಂದನ್ನೂ ಉಳಿಸಬೇಡಿ, ಕೊಳವೆಬಾವಿಯ ಗಡಸು ನೀರಿಗೆ ಅವುಗಳ ಒಳಬಾಯಿ ಕಟ್ಟಿಕೊಂಡು ಬೆರಳು ಕೂಡ ಹೋಗದಂತಾಗಿರುತ್ತದೆ. ಬಕೆಟ್ ತುಂಬುವ ನಳ ನೆಲದಿಂದ ಹದಿನೆಂಟರಿಂದ ಇಪ್ಪತ್ತು ಇಂಚಿನಲ್ಲಿ ಇರಲಿ. ನಿಮ್ಮ ಮನೆಯ ಬಕೆಟ್ಟನ್ನೇ ಇಟ್ಟು ಗುರುತು ಹಾಕಿಸಿ. ಶವರ್ ಬೇಕೆನ್ನುವವರು ಮೊದಲು ಮಾಳಿಗೆಯ ನೀರಿನ ಟ್ಯಾಂಕಿನ ಎತ್ತರ ನೋಡಿಕೊಳ್ಳಿ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಟ್ಯಾಂಕಿನ ತಳದಿಂದ ಶವರಿಗೆ ಹತ್ತು ಅಡಿ ಮಾತ್ರ ಇದ್ದರೆ ಸಿಗುವುದು 0.3 ಬಾರ್. ಅಷ್ಟಕ್ಕೆ ಅಂಗಡಿಯಲ್ಲಿ ಕಂಡ ತಟ್ಟೆಯಗಲದ ಶವರಿನಿಂದ ನೀರು ಹನಿಯುತ್ತದೆ ಅಷ್ಟೆ. ಸಣ್ಣ ಬಾಯಿಯ ಶವರ್ ತೆಗೆದುಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ಪೈಪು ಅಂಟಿಸಿದ ಮರುದಿನ ಎಲ್ಲ ಬಾಯಿಗಳಿಗೂ ಮುಚ್ಚಳ ಹಾಕಿಸಿ, ಕೈಪಂಪಿನಿಂದ ನೀರು ತುಂಬಿಸಿ ಒತ್ತಡ ಏರಿಸಲು ಪ್ಲಂಬರಿಗೆ ಹೇಳಿ. ಮಾಪಕದ ಮುಳ್ಳು ಇಳಿಯಬಾರದು. ಪಂಪು ಇಲ್ಲವೆಂದರೆ ಕನಿಷ್ಠ ಟ್ಯಾಂಕಿನ ನೀರು ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟು, ಬೆಳಗ್ಗೆ ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ. ಗಿಲಾವು ಬಿದ್ದ ಮೇಲೆ ಸೋರಿಕೆ ಹುಡುಕುವುದೆಂದರೆ ಗೋಡೆ ಮತ್ತೆ ಒಡೆಯುವುದು. ಮುಚ್ಚುವ ಮೊದಲು ನಾಲ್ಕೂ ಗೋಡೆಗಳ ಚಿತ್ರ ಮೊಬೈಲಿನಲ್ಲಿ ತೆಗೆದಿಡಿ, ಪಕ್ಕದಲ್ಲಿ ಟೇಪು ಹಿಡಿದು. ಮುಂದೆ ಕನ್ನಡಿಗೆ ಮೊಳೆ ಹೊಡೆಯುವ ದಿನ ಅದು ಬೇಕಾಗುತ್ತದೆ.

ವಿದ್ಯುತ್ತಿನ ಕೆಲಸಕ್ಕೆ ಕೈ ಹಾಕಬೇಡಿ, ಆದರೆ ಲೆಕ್ಕ ನಿಮಗೆ ಗೊತ್ತಿರಲಿ. ಮೂರು ಕಿಲೋವ್ಯಾಟಿನ ಗೀಜರ್ 230 ವೋಲ್ಟಿನಲ್ಲಿ ಎಳೆಯುವುದು ಹದಿಮೂರು ಆಂಪಿಯರ್. ಅದಕ್ಕೆ ಮನೆಯ ಮೇನ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, ಸ್ವಿಚ್ಚು ಬಚ್ಚಲಿನ ಹೊರಗಿರಲಿ. ಅರ್ತಿಂಗ್ ಪರೀಕ್ಷಿಸಿ ತೋರಿಸಲು ಹೇಳಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚು ಇಲ್ಲದಿದ್ದರೆ ಈಗಲೇ ಹಾಕಿಸಿ. ಒದ್ದೆ ಮೈಗೆ ವಿದ್ಯುತ್ ತಾಗಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವುದು ಅದೊಂದೇ. ಇದರಲ್ಲಿ ಉಳಿತಾಯ ಮಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಗಿಲಾವು ಕಲಸುವ ನೀರಿನ ಬಗ್ಗೆ ಎಚ್ಚರವಿರಲಿ. ಬಾಯಿಗಿಟ್ಟರೆ ಸವುಳೆನ್ನುವ ಕೊಳವೆಬಾವಿ ನೀರಿನಲ್ಲಿ ಸಿಮೆಂಟು ಕಲಸಿದರೆ ಆ ಉಪ್ಪು ಗೋಡೆಯಲ್ಲೇ ಉಳಿದು ಮುಂದೆ ಬೆಳ್ಳಗೆ ಹೊರಬರುತ್ತದೆ. ನಳದ ನೀರು ಬಂದ ದಿನ ಎರಡು ಡ್ರಮ್ಮು ಹಿಡಿದಿಡಿ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕೈಗೆ ಮಣ್ಣು ಮೆತ್ತಿದರೆ ಜರಡಿ ಹಿಡಿದು ತೊಳೆಸಬೇಕು. ವಯಸ್ಸಾದವರು ಹಿಡಿದು ಏಳಲು ಗೋಡೆಗೆ ಹಾಕಿಸುವ ಹಿಡಿಕೆಗಳು ಗಟ್ಟಿ ಇಟ್ಟಿಗೆಯಲ್ಲಿ ಭದ್ರವಾಗಿ ನಿಲ್ಲುತ್ತವೆ. ಹಳೆಯ ಸಿಮೆಂಟಿನ ತೊಟ್ಟಿ ಒಡೆದ ಜಾಗದ ಗೋಡೆಯನ್ನು ನಾವು ಹಾರುಬೂದಿಯ ಇಟ್ಟಿಗೆಯಿಂದ ಮತ್ತೆ ಕಟ್ಟಿಸಿದೆವು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಬೂದಿ ಇರುವುದರಿಂದ ಆ ಇಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಅತ್ತೆಯವರನ್ನು ಸ್ಟೂಲಿನ ಮೇಲೆ ಕೂರಿಸಿ, ಏಳಲು ಕೈ ಎಲ್ಲಿ ಚಾಚುತ್ತಾರೆ ಎಂದು ನೋಡಿ ಇದ್ದಿಲಿನಿಂದ ಗುರುತು ಹಾಕಿದೆ. ಕಮೋಡಿನ ಪಕ್ಕದ ಗುರುತು ನೆಲದಿಂದ ಮೂವತ್ತಮೂರು ಇಂಚಿಗೆ ಬಂತು. ಅಂಗಡಿಯ ಪುಸ್ತಕದ ಅಳತೆಗಿಂತ ಮನೆಯ ಹಿರಿಯರ ಕೈ ನಿಲ್ಲುವ ಜಾಗವೇ ಸರಿಯಾದ ಜಾಗ.

ಇನ್ನು ಇಡೀ ಕೆಲಸದ ಜೀವಾಳಕ್ಕೆ ಬರೋಣ: ನೀರು ತಡೆಯುವ ಲೇಪ. ಇದನ್ನು ಮನೆಯವರೇ ಮಾಡಬಹುದು, ಮಾಡಲೇಬೇಕು ಎನ್ನುತ್ತೇನೆ. ಸಿಮೆಂಟಿನ ಪುಡಿ ಒಂದು ಚೀಲ, ಹಾಲಿನಂಥ ಪಾಲಿಮರ್ ದ್ರವ ಒಂದು ಡಬ್ಬ, ಎರಡೂ ಜೊತೆಯಾಗಿ ಸಿಗುತ್ತವೆ. ಮೊದಲು ನೆಲ ಮತ್ತು ಗೋಡೆ ಕೂಡುವ ಮೂಲೆಗಳನ್ನೆಲ್ಲ ಸಿಮೆಂಟಿನಿಂದ ದುಂಡಗೆ ಮಾಡಿಸಿ. ನೇರ ಮೂಲೆಯಲ್ಲಿ ಲೇಪ ಬಿರುಕು ಬಿಡುತ್ತದೆ. ನಾನಿ ಟ್ರ್ಯಾಪ್ ಮತ್ತು ಪೈಪಿನ ಸುತ್ತ ಒಣಗಿದಾಗ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿಸಿ, ಬಚ್ಚಲು ಸೋರುವುದು ಹೆಚ್ಚಾಗಿ ಅಲ್ಲೇ. ನೆಲವನ್ನು ಗುಡಿಸಿ, ತೊಳೆದು, ತೇವ ಇರುವಂತೆ ಆದರೆ ನೀರು ನಿಲ್ಲದಂತೆ ನೋಡಿಕೊಳ್ಳಿ. ದ್ರವಕ್ಕೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಗಂಟಿಲ್ಲದಂತೆ ತಿರುವಿ, ದೋಸೆ ಹಿಟ್ಟಿನ ಹದಕ್ಕೆ ಬರಲಿ.

ನಮ್ಮ ಬಿಸಿಲಿಗೆ ಕಲಸಿದ ಲೇಪ ಬೇಗ ಗಟ್ಟಿಯಾಗುತ್ತದೆ. ಆದ್ದರಿಂದ ಬೆಳಗಿನ ಆರಕ್ಕೇ ಕುಳಿತುಕೊಳ್ಳಿ, ಅರ್ಧ ಗಂಟೆಯಲ್ಲಿ ಬಳಿಯುವಷ್ಟನ್ನು ಮಾತ್ರ ಕಲಸಿ. ಮೂಲೆಗಳಿಗೆ ಮೊದಲು ಬಳಿದು, ಹಸಿಯಿರುವಾಗಲೇ ನಾಲ್ಕಿಂಚಿನ ಫೈಬರ್ ಜಾಲರಿಯ ಪಟ್ಟಿ ಒತ್ತಿ, ಮೇಲೆ ಮತ್ತೆ ಬಳಿಯಿರಿ. ಆಮೇಲೆ ಇಡೀ ನೆಲಕ್ಕೆ ಕುಂಚವನ್ನು ಒಂದೇ ದಿಕ್ಕಿನಲ್ಲಿ ಎಳೆಯುತ್ತ ಮೊದಲ ಪದರ. ನಾಲ್ಕರಿಂದ ಆರು ಗಂಟೆ ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಎಳೆಯಿರಿ. ಮೊದಲ ಕುಂಚದ ಗೆರೆಗಳ ನಡುವೆ ಉಳಿದ ಸೂಜಿಮೊನೆಯಷ್ಟು ತೂತುಗಳು ಅಡ್ಡಗೆರೆಯಿಂದ ಮುಚ್ಚುತ್ತವೆ. ಗೋಡೆಗೆ ಸುತ್ತಲೂ ಒಂದು ಅಡಿ, ಸ್ನಾನದ ನೀರು ಸಿಡಿಯುವ ಕಡೆ ಆರಡಿ ಎತ್ತರದವರೆಗೆ ಬಳಿಯಬೇಕು. ಹೊಸ್ತಿಲನ್ನು ಮರೆಯಬೇಡಿ.

ಡಬ್ಬದ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು ನೀರು ನಿಲ್ಲಿಸುವ ಪರೀಕ್ಷೆ ಮಾಡಬೇಕು. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಾನಿ ಟ್ರ್ಯಾಪಿನ ಬಾಯಿಗೆ ಬಿಗಿಯಾಗಿ ತುರುಕಿ, ಹೊಸ್ತಿಲಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ನಲವತ್ತೆಂಟು ಗಂಟೆ ಯಾರೂ ಒಳಗೆ ಹೋಗಬಾರದು.

ಇಲ್ಲೊಂದು ತಕರಾರು ಬರುತ್ತದೆ. ಎರಡು ದಿನದ ಮೇಲೆ ನೀರು ಗೆರೆಗಿಂತ ಕೆಳಗಿದ್ದರೆ, “ಅಕ್ಕೋರೇ, ಈ ಬಿಸಿಲಿಗೆ ನೀರು ಆರದೆ ಇರುತ್ತದೆಯೇ?” ಎನ್ನುತ್ತಾರೆ. ನಮ್ಮ ಗೌಂಡಿಯೂ ಅದನ್ನೇ ಹೇಳಿದರು. ಮಾತು ಸುಳ್ಳಲ್ಲ, ಏಪ್ರಿಲ್ ತಿಂಗಳಿನಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಆದರೆ ಆರಿದ ನೀರು ಎಷ್ಟು, ಸೋರಿದ ನೀರು ಎಷ್ಟು ಎಂದು ಬೇರೆ ಮಾಡುವ ಉಪಾಯವಿದೆ. ನೇರ ಅಂಚಿನ ಅಗಲ ಪರಾತವೊಂದನ್ನು ಅದೇ ಬಚ್ಚಲಿನಲ್ಲಿ ಎರಡು ಇಟ್ಟಿಗೆಗಳ ಮೇಲಿಟ್ಟು, ಅದರಲ್ಲೂ ಎರಡು ಇಂಚು ನೀರು ಹಾಕಿ, ಅದಕ್ಕೂ ಗುರುತು ಮಾಡಿ. ಗಾಳಿ, ಬಿಸಿ ಎರಡಕ್ಕೂ ಒಂದೇ. ಪರಾತದಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆರಿದ ನೀರು. ನೆಲದಲ್ಲಿ ಹೆಚ್ಚು ಇಳಿದಿದ್ದರೆ ಸೋರಿಕೆ, ವಾದಕ್ಕೆ ಜಾಗವಿಲ್ಲ. ನಮ್ಮಲ್ಲಿ ಎರಡೂ ಗೆರೆಗಳು ಸಮವಾಗಿ ಇಳಿದಿದ್ದವು. ಗೌಂಡಿ ಬಗ್ಗಿ ಬಗ್ಗಿ ಎರಡನ್ನೂ ಅಳೆದು, “ಇನ್ನು ಮೇಲೆ ಎಲ್ಲ ಮನೆಯಲ್ಲೂ ಪರಾತ ಕೇಳುತ್ತೇನೆ ಅಕ್ಕೋರೇ” ಎಂದರು. ನನಗೆ ಆ ದಿನ ಆದ ಸಂತೋಷ ಟೈಲ್ಸ್ ಹೊಳೆದ ದಿನ ಆಗಲಿಲ್ಲ. ಪಕ್ಕದ ಕೋಣೆಯ ಗೋಡೆಯ ಬುಡವನ್ನೂ, ಮಹಡಿಯ ಬಚ್ಚಲಾದರೆ ಕೆಳಗಿನ ಮನೆಯ ಚಾವಣಿಯನ್ನೂ ಇದೇ ವೇಳೆ ಮುಟ್ಟಿ ನೋಡಬೇಕು. ಸೋರಿಕೆ ಕಂಡರೆ ಟ್ರ್ಯಾಪಿನ ಸುತ್ತಲಿಂದ ಹುಡುಕಲು ಶುರು ಮಾಡಿ, ಅಲ್ಲಿ ಮತ್ತೆ ಬಳಿದು, ಮತ್ತೆ ನೀರು ನಿಲ್ಲಿಸಿ.

ಲೇಪದ ಮೇಲೆ ಸಿಮೆಂಟಿನ ಪದರ ಬರುತ್ತದೆ, ಇಳಿಜಾರು ನಿರ್ಧಾರವಾಗುವುದು ಅದರಲ್ಲಿ. ಅಡಿಗೆ ಎಂಟನೇ ಒಂದು ಇಂಚಿಗಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಕಾಲು ಇಂಚಿಗಿಂತ ಹೆಚ್ಚಾದರೆ ಸ್ಟೂಲು ವಾಲುತ್ತದೆ. ಆರಡಿಯ ಬಚ್ಚಲಿಗೆ ಬಾಗಿಲಿನಿಂದ ಟ್ರ್ಯಾಪಿನವರೆಗೆ ಒಂದು ಇಂಚು ಹಿತವಾಗಿರುತ್ತದೆ. ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ರಸಮಟ್ಟ ಇಟ್ಟು, ದಾರದಿಂದ ನೆಲದ ಅಂತರವನ್ನು ಅಳೆಯಿರಿ. ಸಿಮೆಂಟು ಬಿಗಿದ ಮೇಲೆ ದೂರದ ಮೂಲೆಗಳಲ್ಲಿ ಒಂದೊಂದು ತಂಬಿಗೆ ನೀರು ಸುರಿದು ನೋಡಿ. ಎಲ್ಲಿ ಮಡುಗಟ್ಟಿತೋ ಅಲ್ಲಿ ಟೈಲ್ಸ್ ಹಾಕುವ ಮೊದಲೇ ತಿದ್ದಿಸಿ.

ಈಗ ಅಂಗಡಿಗೆ ಹೋಗಿ. ನೆಲಕ್ಕೆ ಒರಟು ಮೈಯ, ಜಾರದ ಟೈಲ್ಸ್, ಒಂದಡಿ ಚೌಕದ್ದು ಸಾಕು. ದೊಡ್ಡವು ಇಳಿಜಾರಿಗೆ ಬಗ್ಗುವುದಿಲ್ಲ. ಅಂಗಡಿಯಲ್ಲೇ ಅದರ ಮೇಲೆ ನೀರು ಹಾಕಿಸಿ ಬರಿಗಾಲಿನಿಂದ ಉಜ್ಜಿ ನೋಡಿ. ಬಣ್ಣದ ವಿಷಯದಲ್ಲಿ ನನ್ನ ಮಾತು ಒಂದೇ: ಗಡಸು ನೀರಿನ ಊರಿನಲ್ಲಿ ಕಪ್ಪು, ಕಡುನೀಲಿ ಬೇಡ. ಒಂದು ವಾರಕ್ಕೇ ಪ್ರತಿ ಹನಿಯ ಬಿಳಿ ಕಲೆ ಎದ್ದು ಕಾಣುತ್ತದೆ. ಬೂದು, ಮರಳಿನ ಬಣ್ಣ, ಕೆನೆಬಣ್ಣ ನಮಗೆ ಹೊಂದುತ್ತವೆ. ನಾಲ್ಕು ಆರಡಿಯ ಕೋಣೆಗೆ ನೆಲ 24 ಚದರ ಅಡಿ. ಗೋಡೆ ಏಳಡಿ ಎತ್ತರಕ್ಕೆ 140 ಚದರ ಅಡಿ, ಬಾಗಿಲು ಕಳೆದರೆ ಸುಮಾರು 123. ಎರಡಕ್ಕೂ ಶೇಕಡ ಹತ್ತು ಹೆಚ್ಚು ತನ್ನಿ, ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇರಲಿ. ಉಳಿದ ನಾಲ್ಕಾರು ಟೈಲ್ಸನ್ನು ಅಟ್ಟದ ಮೇಲಿಡಿ.

ಟೈಲ್ಸ್ ಕೂರಿಸುವುದು ಪಳಗಿದ ಕೈಯ ಕೆಲಸ. ನೀವು ನೋಡಬೇಕಾದದ್ದು ಎರಡು. ಗೋಡೆಯ ಎರಡನೆಯ ಸಾಲನ್ನು ಮಟ್ಟ ಹಿಡಿದು ಮೊದಲು ಕೂರಿಸಬೇಕು, ನೆಲಕ್ಕೆ ತಾಗುವ ಸಾಲನ್ನು ಇಳಿಜಾರಿಗೆ ತಕ್ಕಂತೆ ಕೊನೆಗೆ ಕತ್ತರಿಸಿ ಹಾಕಬೇಕು. ಮತ್ತೆ, ಒಣಗಿದ ಮೇಲೆ ಪ್ರತಿಯೊಂದನ್ನೂ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದರ ಹಿಂದೆ ಗಾರೆ ತುಂಬಿಲ್ಲ, ಅದನ್ನು ತೆಗೆಸಿ ಮತ್ತೆ ಕೂರಿಸಬೇಕು. ಸಂದುಗಳಿಗೆ ನೆಲದಲ್ಲಾದರೂ ಎಪಾಕ್ಸಿ ಗ್ರೌಟ್ ಹಾಕಿಸಿ. ಬಿಳಿ ಕಲೆ ತೆಗೆಯಲು ನಮ್ಮಲ್ಲಿ ಬಹಳ ಮನೆಗಳಲ್ಲಿ ಆಸಿಡ್ ಸುರಿಯುತ್ತಾರೆ. ಅದು ಕಲೆಯ ಕ್ಯಾಲ್ಸಿಯಂ ಕರಗಿಸುವಂತೆಯೇ ಸಂದಿನ ಸಿಮೆಂಟನ್ನೂ ಕರಗಿಸುತ್ತದೆ, ನೀರು ಒಳಗಿಳಿಯಲು ದಾರಿ ಮಾಡುತ್ತದೆ. ಕಲೆಗೆ ಬಿಳಿ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ ತೊಳೆದರೆ ಸಾಕು. ನಿತ್ಯ ಸ್ನಾನವಾದ ಮೇಲೆ ವೈಪರ್ ಎಳೆದರೆ ಕಲೆಯೇ ಕಟ್ಟುವುದಿಲ್ಲ.

ಬಾಗಿಲು ಪಿವಿಸಿ ಅಥವಾ ಫೈಬರಿನದು, ಚೌಕಟ್ಟು ಗ್ರಾನೈಟಿನದು ಹಾಕಿಸಿ, ನೀರಿಗೆ ಅಂಜುವುದಿಲ್ಲ. ಗಾಳಿ ಹೊರಹಾಕುವ ಫ್ಯಾನು ಒಂದಿರಲಿ. ಹಿಡಿಕೆಗಳನ್ನು ಟೈಲ್ಸಿಗಷ್ಟೇ ಅಲ್ಲ, ಒಳಗಿನ ಇಟ್ಟಿಗೆಯವರೆಗೆ ಬೋಲ್ಟ್ ಇಳಿಸಿ ಬಿಗಿಸಬೇಕು. ಬಿಗಿಸಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಭಾರವಿರುವವರು ಜೋತು ಎಳೆದು ನೋಡಲಿ. ಕಮೋಡಿನ ಬುಡಕ್ಕೆ ಸಿಲಿಕೋನ್ ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.

ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಹೊರಡುವ ದಿನ ನಾನಿ ಟ್ರ್ಯಾಪಿಗೆ ಒಂದು ತಂಬಿಗೆ ನೀರು ಸುರಿದು, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲಿ ನೀರು ಆರದಂತೆ ತಡೆಯುತ್ತದೆ, ಮರಳಿ ಬಂದಾಗ ಮನೆಯಲ್ಲಿ ಚರಂಡಿಯ ವಾಸನೆ ಇರುವುದಿಲ್ಲ.